ಮಡಿಕೇರಿಯಲ್ಲಿ ಒಂದು ಶನಿವಾರ: ಹೂಮಳೆ ಕಾಲದ ನಡಿಗೆ, ಹನ್ನೊಂದಕ್ಕೆ ಕಡಂಬುಟ್ಟು

ಮಾರ್ಚ್ ಬಂತೆಂದರೆ ಕೊಡಗಿನಲ್ಲಿ ಯಾರಿಗೆ ಯಾರು ಸಿಕ್ಕರೂ ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ. “ನಿಮ್ಮ ಕಡೆ ಮಳೆ ಬಂತಾ? ಎಷ್ಟು ಸೆಂಟು?” ನೂರು ಸೆಂಟು ಸೇರಿದರೆ ಒಂದು ಇಂಚು. ತೋಟದವರು ಮಳೆ ಅಳೆಯುವುದು ಹಾಗೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಕಾಫಿ ಗಿಡದ ಗಂಟುಗಳಲ್ಲಿ ಸುಮ್ನೆ ಕೂತಿದ್ದ ಮೊಗ್ಗುಗಳು ಉಬ್ಬತೊಡಗುತ್ತವೆ. ವಾರ, ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗೆ. ಅದಕ್ಕೇ ಈ ಮಳೆಗೆ ಹೂಮಳೆ ಅಂತ ಹೆಸರು.

ಈ ದಿನಗಳಲ್ಲಿ ಮಡಿಕೇರಿಗೆ ಬನ್ನಿ, ಕಾರನ್ನು ಒಂದು ಕಡೆ ಬಿಟ್ಟು ಊರೊಳಗೆ ನಡೆಯಿರಿ ಅಂತ ನನ್ನ ಆಸೆ. ನಾನು ಈ ಊರಲ್ಲೇ ಬೆಳೆದವಳು. ಮನೆಗೆ ಬರುವ ನೆಂಟರನ್ನೆಲ್ಲ ಇದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಒಟ್ಟು ನಡಿಗೆ ನಾಲ್ಕೈದು ಕಿಲೋಮೀಟರ್. ಬೆಳಗ್ಗೆ ಆರೂವರೆಗೆ ಶುರು, ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ. ನಡುವೆ ಹನ್ನೊಂದರ ಹೊತ್ತಿಗೆ ಕೂತು ಹೊಟ್ಟೆ ತುಂಬ ತಿನ್ನುವುದು. ಬೆಂಗಳೂರಿನವರು ಬ್ರಂಚ್ ಅನ್ನುತ್ತಾರಲ್ಲ, ಅದೇ.

ದಾರಿಯ ಕ್ರಮ ಮಾತ್ರ ಬದಲಿಸಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಊರು. ಸಮತಟ್ಟಾದ ಜಾಗ ಕಡಿಮೆ. ಎಲ್ಲಿಗೆ ಹೋದರೂ ಒಂದೋ ಏರು, ಇಲ್ಲಾ ಇಳಿಜಾರು. ಬಿಸಿಲು ಏರುವ ಮೊದಲೇ ತಗ್ಗಿಗೆ ಇಳಿದು ಮೇಲೆ ಬಂದುಬಿಡಬೇಕು. ಹೊಟ್ಟೆ ತುಂಬಿದ ಮೇಲೆ ಏರು ಹತ್ತಬಾರದು. ಈ ಎರಡು ಲೆಕ್ಕದ ಮೇಲೆ ಇಡೀ ದಿನ ನಿಂತಿದೆ.

ಯಾವ ವಾರ, ಯಾವ ದಿನ

ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನ ತನಕ ಒಳ್ಳೆ ಕಾಲ. ಬೆಳಗ್ಗೆ ತೆಳು ಸ್ವೆಟರ್ ಬೇಕಾಗುವಷ್ಟು ಚಳಿ ಇರುತ್ತದೆ. ಹನ್ನೊಂದರ ಮೇಲೆ ಬಿಸಿಲು ಚುರುಕು. ತೋಟದ ಹಾಲುವಾಣದ ಮರಗಳಲ್ಲಿ ಎಲೆ ಉದುರಿ ಕೆಂಪು ಹೂ ಬಿಟ್ಟಿರುತ್ತದೆ. ಸಿಲ್ವರ್ ಓಕ್ ಮರಗಳ ತುದಿ ಹೊಂಬಣ್ಣಕ್ಕೆ ತಿರುಗಿರುತ್ತದೆ.

ಕಾಫಿ ಹೂ ನೋಡಲೇಬೇಕು ಅನ್ನುವವರು ತಾರೀಖು ನೋಡಿ ರೂಮು ಬುಕ್ ಮಾಡಬೇಡಿ, ಮಳೆ ನೋಡಿ ಮಾಡಿ. ಉಳಿದುಕೊಳ್ಳುವ ಹೋಮ್‌ಸ್ಟೇಗೆ ಫೋನ್ ಮಾಡಿ, “ಕೊನೆ ಮಳೆ ಯಾವತ್ತು ಬಿತ್ತು?” ಅಂತ ಕೇಳಿ. ಅವರು ಹೇಳಿದ ದಿನಕ್ಕೆ ಎಂಟು, ಒಂಬತ್ತು ದಿನ ಸೇರಿಸಿ. ಹೂ ಚೆನ್ನಾಗಿರುವುದು ಮೂರು, ನಾಲ್ಕು ದಿನ ಮಾತ್ರ. ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಈಗ ರೊಬಸ್ಟಾ ಅನ್ನುವ ಬಗೆಯ ಕಾಫಿ ಬೆಳೆಯುವ ಎಷ್ಟೋ ತೋಟಗಳಲ್ಲಿ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಿ ಹೂವಿಗೆ ನೀರು ಕೊಡುತ್ತಾರೆ. ಹಾಗಾಗಿ ಒಂದು ತೋಟ ಬೆಳ್ಳಗಿದ್ದರೆ ಪಕ್ಕದ ತೋಟ ಇನ್ನೂ ಹಸಿರೇ ಇರಬಹುದು. ಅದನ್ನೂ ಕೇಳಿಕೊಳ್ಳಿ.

ದಿನ ಶನಿವಾರವೇ ಆಗಲಿ. ವಾರಾಂತ್ಯಕ್ಕೆ ಬರುವ ಕಾರುಗಳು ಶನಿವಾರ ಬೆಳಗ್ಗೆ ಇನ್ನೂ ದಾರಿಯಲ್ಲಿರುತ್ತವೆ. ಮಧ್ಯಾಹ್ನ ಅವು ಊರು ಸೇರುವ ಹೊತ್ತಿಗೆ ನಿಮ್ಮ ನಡಿಗೆ ಮುಗಿದಿರುತ್ತದೆ. ಸೋಮವಾರವೋ ಶುಕ್ರವಾರವೋ ರಜೆ ಸೇರಿ ಮೂರು ದಿನ ಒಟ್ಟಿಗೆ ಸಿಕ್ಕುವ ವಾರ ಮಾತ್ರ ಬೇಡ. ನಡೆಯಲು ಪೇಟೆ ರಸ್ತೆಯಲ್ಲಿ ಜಾಗವೇ ಸಿಗುವುದಿಲ್ಲ.

ಹಿಂದಿನ ದಿನ ಮಾಡಬೇಕಾದ್ದು

ಶುಕ್ರವಾರ ಸಂಜೆಯೇ ಬಂದು ಊರೊಳಗೆ ಉಳಿದುಕೊಳ್ಳಿ. ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಸುಮಾರು 120 ಕಿಲೋಮೀಟರ್, ಬಸ್ಸಿಗೆ ಮೂರು ಗಂಟೆ ಮೇಲೆ ಬೇಕು. ಬೆಂಗಳೂರಿನಿಂದ ಬರುವವರು ಅರ್ಧ ದಿನ ಅಂತಲೇ ಇಟ್ಟುಕೊಳ್ಳಿ. ತೋಟದ ನಡುವಿನ ಹೋಮ್‌ಸ್ಟೇ ಚೆನ್ನಾಗಿರುತ್ತದೆ, ನಿಜ. ಆದರೆ ಬೆಳಗ್ಗೆ ಆರೂವರೆಗೆ, ನಡಿಗೆ ಶುರುವಾಗುವ ರಾಜಾಸೀಟಿನಲ್ಲಿ ಇರಬೇಕಾದರೆ ಊರೊಳಗಿನ ರೂಮೇ ವಾಸಿ. ಕಾರು ಅಲ್ಲೇ ನಿಂತಿರಲಿ. ಮಡಿಕೇರಿಯ ಪೇಟೆ ರಸ್ತೆಗಳು ಕಿರಿದು, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗು ಕಳೆದುಹೋಗುತ್ತದೆ.

ಶುಕ್ರವಾರ ಮಡಿಕೇರಿ ಸಂತೆ. ಬೇಗ ಬಂದು ತಲುಪಿದರೆ ಒಂದು ಸುತ್ತು ಹಾಕಿ. ಹಳ್ಳಿಗಳಿಂದ ಬಂದ ಬಾಳೆಗೊನೆ, ಗಾಂಧಾರಿ ಮೆಣಸು, ಎಳೆ ಹಲಸು ಎಲ್ಲ ಕಣ್ಣಿಗೆ ಬೀಳುತ್ತದೆ. ಮರುದಿನ ತಟ್ಟೆಯಲ್ಲಿ ಏನು ಕೇಳಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಚೀಲದಲ್ಲಿ ಏನಿರಬೇಕು? ನೀರಿನ ಬಾಟಲಿ, ಮಡಚುವ ಕೊಡೆ, ಒಂದು ಬಟ್ಟೆ ಚೀಲ, ಸ್ವಲ್ಪ ಚಿಲ್ಲರೆ. ಚಪ್ಪಲಿ ಹಿಡಿತ ಇರುವಂಥದ್ದಾಗಲಿ. ಹಳೆ ಕಲ್ಲು ಮೆಟ್ಟಿಲುಗಳು ಮುಂಜಾನೆ ಇಬ್ಬನಿಗೆ ಜಾರುತ್ತವೆ. ಏಪ್ರಿಲ್ ಆದರೆ ಕೊಡೆ ಮರೆಯಲೇಬಾರದು. ಮೂರು ಗಂಟೆ ಮೇಲೆ ಗುಡುಗಿ ಬರುವ ಮಳೆ ಹೇಳಿ ಕೇಳಿ ಬರುವುದಿಲ್ಲ.

ಆರೂವರೆ: ರಾಜಾಸೀಟ್

ಎಲ್ಲರೂ ಇಲ್ಲಿಗೆ ಸೂರ್ಯ ಮುಳುಗುವಾಗ ಬರುತ್ತಾರೆ. ಕೊಡಗಿನ ರಾಜರು ಇಲ್ಲಿ ಕೂತು ಸಂಜೆ ನೋಡುತ್ತಿದ್ದರು ಅನ್ನುವುದರಿಂದಲೇ ಈ ಹೆಸರು. ಆದರೆ ನಾಲ್ಕು ಕಂಬ, ಕಮಾನುಗಳ ಆ ಸಣ್ಣ ಮಂಟಪವನ್ನು ಸಂಜೆ ಹೊತ್ತಲ್ಲಿ ನೋಡಲಿಕ್ಕೂ ಆಗುವುದಿಲ್ಲ, ಅಷ್ಟು ಜನ. ಬೆಳಗ್ಗೆ ಬನ್ನಿ. ವಾಕಿಂಗ್ ಬರುವ ಊರಿನವರು ಬಿಟ್ಟರೆ ಯಾರೂ ಇರುವುದಿಲ್ಲ.

ಈ ಜಾಗ ಪಡುವಣ ದಿಕ್ಕಿಗೆ ಮುಖ ಮಾಡಿದೆ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನ ಹಿಂದೆ ಹುಟ್ಟುತ್ತಾನೆ. ಹಾಗಾಗಿ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಎದುರಿನ ಬೆಟ್ಟಗಳ ನೆತ್ತಿಗೆ ಮೊದಲು ಬೆಳಕು ಬೀಳುತ್ತದೆ, ಮತ್ತೆ ಅದು ಮೆಲ್ಲಗೆ ಕೆಳಗಿಳಿಯುತ್ತದೆ. ಕೆಳಗಿನ ಕಣಿವೆ ಪೂರ್ತಿ ಮಂಜು. ಬೆಳಕು ತಾಗಿದ ಕಡೆ ಮಂಜು ಹರಿದು ಒಂದು ತುಂಡು ಗದ್ದೆ ಕಾಣುತ್ತದೆ, ಒಂದು ಹೆಂಚಿನ ಮನೆ ಕಾಣುತ್ತದೆ. ಅರ್ಧ ಗಂಟೆ ಒಂದೇ ಕಡೆ ನಿಂತು ನೋಡಿ. ಫೋಟೋ ಆಮೇಲೆ ತೆಗೆಯಬಹುದು.

2018ರ ಆಗಸ್ಟಿನ ಮಳೆಗೆ ಮಡಿಕೇರಿ ಸುತ್ತಿನ ಗುಡ್ಡಗಳು ಜರಿದು ಎಷ್ಟೋ ಮನೆ, ತೋಟ, ಜೀವ ಹೋದವು. ಅಂದಿನಿಂದ ನಮ್ಮವರು ಈ ಬೆಟ್ಟಗಳನ್ನು ನೋಡುವ ರೀತಿಯೇ ಬೇರೆ ಆಗಿದೆ. ಹಸಿರಿನ ನಡುವೆ ಗೀರಿದಂಥ ಮಣ್ಣಿನ ಜಾಗ ಎಲ್ಲಾದರೂ ಕಂಡರೆ, ಅದನ್ನೂ ಒಂದು ಗಳಿಗೆ ನೋಡಿ ಮುಂದೆ ಹೋಗಿ.

ತೋಟಗಾರಿಕೆ ಇಲಾಖೆಯ ಉದ್ಯಾನದಲ್ಲಿ ಒಂದು ಸುತ್ತು ಹಾಕಿ ಹೊರಡಿ. ಹೊರಗೆ ಟೀ ಸಿಕ್ಕರೆ ಕುಡಿಯಿರಿ, ಜೊತೆಗೆ ಒಂದೆರಡು ಬಿಸ್ಕತ್ತು ಸಾಕು. ಈಗಲೇ ತಿಂಡಿ ತಿಂದರೆ ಹನ್ನೊಂದಕ್ಕೆ ಹಸಿವೇ ಇರುವುದಿಲ್ಲ. ಪಕ್ಕದಲ್ಲೇ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮನ ಗುಡಿ ಇದೆ. ಮಡಿಕೇರಿ ದಸರೆಗೆ ಕರಗ ಹೊರಡುವ ನಾಲ್ಕು ಶಕ್ತಿ ದೇವತೆಗಳ ಗುಡಿಗಳಲ್ಲಿ ಇದೂ ಒಂದು.

ಎಂಟರ ಹೊತ್ತಿಗೆ: ಓಂಕಾರೇಶ್ವರ

ರಾಜಾಸೀಟಿನಿಂದ ಪೇಟೆ ಕಡೆಗೆ ಇಳಿದು, ಅಲ್ಲಿಂದ ಓಂಕಾರೇಶ್ವರ ದೇವಸ್ಥಾನದ ದಾರಿ ಹಿಡಿಯಿರಿ. ನಿಧಾನಕ್ಕೆ ನಡೆದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ದಾರಿ ತಪ್ಪಿದರೆ ಶಾಲೆ ಹುಡುಗರನ್ನು ಕೇಳಿದರೂ ತೋರಿಸುತ್ತಾರೆ. ಈ ಹೊತ್ತಲ್ಲಿ ಅಂಗಡಿಗಳ ಶಟರ್ ಏಳುತ್ತಿರುತ್ತದೆ, ಬಾಗಿಲ ಮುಂದೆ ನೀರು ಚಿಮುಕಿಸುತ್ತಿರುತ್ತಾರೆ. ಹಳೆ ಮನೆಗಳ ಹೆಂಚಿನ ಮೇಲೆ ಪಾಚಿ ಒಣಗಿ ಕರ್ರಗೆ ಅಂಟಿಕೊಂಡಿರುವುದನ್ನು ನೋಡಿ. ಮಳೆಗಾಲದಲ್ಲಿ ಅದೇ ಹಚ್ಚ ಹಸಿರಾಗುತ್ತದೆ.

ದೇವಸ್ಥಾನ ಇರುವುದು ತಗ್ಗಿನಲ್ಲಿ. ಇಳಿಯುತ್ತಿದ್ದ ಹಾಗೆ ಮೊದಲು ಕಾಣುವುದು ಗುಮ್ಮಟ. ಮೊದಲ ಸಲ ಬಂದವರು “ಇದು ದರ್ಗಾ ಅಲ್ವಾ?” ಅಂತ ಕೇಳುವುದುಂಟು. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಗುಮ್ಮಟದ ತುದಿಯಲ್ಲಿ ಚಿನ್ನದ ಬಣ್ಣದ ಗುಂಡು, ಅದರ ಮೇಲೆ ಗಾಳಿಯ ದಿಕ್ಕು ತೋರಿಸುವ ಪಟ. ಎರಡನೆಯ ಲಿಂಗರಾಜೇಂದ್ರ ಇದನ್ನು 1820ರಲ್ಲಿ ಕಟ್ಟಿಸಿದ. ಒಳಗಿರುವುದು ಶಿವಲಿಂಗ.

ಕತೆ ಹೀಗಿದೆ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ. ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡತೊಡಗಿದ. ಹಿರಿಯರ ಮಾತಿನಂತೆ ಕಾಶಿಯಿಂದ ಲಿಂಗ ತರಿಸಿ ಇಲ್ಲಿ ಸ್ಥಾಪಿಸಿದ ಮೇಲೆ ಕಾಟ ನಿಂತಿತು. ನನ್ನ ಅಜ್ಜಿ ಈ ಕತೆ ಹೇಳುವಾಗ ದೇವಸ್ಥಾನದ ಚಂದಕ್ಕಿಂತ ರಾಜನ ಪಶ್ಚಾತ್ತಾಪವನ್ನೇ ಹೆಚ್ಚು ಹೇಳುತ್ತಿದ್ದರು.

ಎದುರಿನ ಕೆರೆಯ ಕಟ್ಟೆ ಮೇಲೆ ಕೂರಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಕೆರೆಯ ನಡುವೆ ಸಣ್ಣ ಮಂಟಪ, ಅಲ್ಲಿಗೆ ಹೋಗಲು ಕಿರಿದಾದ ಕಾಲುದಾರಿ. ನೀರಲ್ಲಿ ದೊಡ್ಡ ದೊಡ್ಡ ಮೀನು. ಮೆಟ್ಟಿಲ ಹತ್ತಿರ ನೆರಳು ಬಿದ್ದರೆ ಸಾಕು, ತಿನ್ನಲು ಏನೋ ಸಿಗುತ್ತದೆ ಅಂತ ಗುಂಪಾಗಿ ಬಂದು ಬಾಯಿ ತೆರೆಯುತ್ತವೆ. ಗಾಳಿ ಇಲ್ಲದ ಬೆಳಗ್ಗೆ ಗುಮ್ಮಟದ ನೆರಳು ನೀರಿನ ಮೇಲೆ ಅಲುಗದೆ ಮಲಗಿರುತ್ತದೆ. ಒಂದು ಮೀನು ಬಾಲ ಬಡಿದರೆ ನಾಲ್ಕೂ ಮಿನಾರು ಒಟ್ಟಿಗೆ ಬಳುಕುತ್ತವೆ. ಮಕ್ಕಳ ಜೊತೆ ಬಂದವರು ಇಲ್ಲಿಂದ ಎಬ್ಬಿಸಲು ಕಷ್ಟಪಡುತ್ತಾರೆ. ಎಬ್ಬಿಸಬೇಡಿ, ಸಮಯ ಇದೆ.

ಒಂಬತ್ತೂವರೆ: ಏರು ಹತ್ತಿ ಕೋಟೆಗೆ

ಈ ದಿನದ ದೊಡ್ಡ ಏರು ಇದೇ. ಹಸಿದ ಹೊಟ್ಟೆ, ಎಳೆ ಬಿಸಿಲು, ಹಾಗಾಗಿ ಅಷ್ಟೇನೂ ದಣಿವಾಗುವುದಿಲ್ಲ. ಮಂಡಿ ನೋವಿರುವವರು ಆಟೋ ಹತ್ತಿ. ಹಿರಿಯರನ್ನು ಕರೆದುಕೊಂಡು ಬಂದಾಗ ನಾನೂ ಇಲ್ಲಿ ಆಟೋ ಮಾಡುತ್ತೇನೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಂಡರೆ ಇಬ್ಬರಿಗೂ ನೆಮ್ಮದಿ.

ಮಡಿಕೇರಿ ಊರು ಹುಟ್ಟಿದ್ದೇ ಈ ಕೋಟೆಯಿಂದ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ ಹದಿನೇಳನೆಯ ಶತಮಾನದ ಕೊನೆಯಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದು ಮಣ್ಣಿನ ಕೋಟೆ ಕಟ್ಟಿಸಿದ. ಮುದ್ದುರಾಜನ ಕೇರಿ ಅನ್ನುವುದೇ ಬಾಯಿಂದ ಬಾಯಿಗೆ ಸವೆದು ಮಡಿಕೇರಿ ಆಯಿತು. ಆಮೇಲೆ ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆಯನ್ನು ಹೊಸದಾಗಿ ಮಾಡಿಸಿದ. 1834ರಲ್ಲಿ ಚಿಕ್ಕವೀರರಾಜೇಂದ್ರನ ಕೈಯಿಂದ ಕೊಡಗು ಬ್ರಿಟಿಷರಿಗೆ ಹೋಯಿತು. ಅರಮನೆ ಮುಂದಿನ ಗಡಿಯಾರ ಗೋಪುರ ಅವರು ಸೇರಿಸಿದ್ದು.

ಇಷ್ಟು ಗೊತ್ತಿದ್ದರೆ ಸಾಕು, ಒಳಗೆ ಹೋದ ಮೇಲೆ ಕಣ್ಣೇ ಹೇಳುತ್ತದೆ. ಒಂದು ಕಡೆ ಗಾರೆಯ ಎರಡು ಆನೆ, ನಿಜದ ಆನೆಯಷ್ಟೇ ದೊಡ್ಡವು. ಇನ್ನೊಂದು ಕಡೆ ಕೋಟೆ ಗಣಪತಿ. ಅಲ್ಲಿ ಈಡುಗಾಯಿ ಒಡೆಯುವ ಸದ್ದು ಕೇಳುತ್ತಿರುತ್ತದೆ. ಮತ್ತೊಂದು ಕಡೆ ಬ್ರಿಟಿಷರ ಕಾಲದ ಚರ್ಚು. ಅದಕ್ಕೆ ಜಾಗ ಮಾಡಲು ವೀರಭದ್ರನ ಗುಡಿಯನ್ನು ತೆಗೆಸಿ 1855ರಲ್ಲಿ ಚರ್ಚು ಕಟ್ಟಿದರು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಗುಡಿ ಹೋಗಿ ಚರ್ಚಾಗಿ, ಚರ್ಚು ಹೋಗಿ ಮ್ಯೂಸಿಯಂ ಆದ ಜಾಗದಲ್ಲಿ ವೀರಗಲ್ಲು, ಜೈನ ವಿಗ್ರಹ, ಹಳೆ ಆಯುಧಗಳನ್ನು ನೋಡುವಾಗ, ತಲೆ ಎತ್ತಿ ಚರ್ಚಿನ ಬಣ್ಣದ ಗಾಜನ್ನೂ ನೋಡಿ. ಮ್ಯೂಸಿಯಂ ಬಾಗಿಲು ತೆರೆಯುವುದು ಹತ್ತು ಗಂಟೆಗೆ. ಸೋಮವಾರ ರಜೆ. ಒಳಗೆ ಅರ್ಧ ಗಂಟೆ ಸಾಕು.

1956ರ ತನಕ ಕೊಡಗು ಬೇರೆಯೇ ರಾಜ್ಯವಾಗಿತ್ತು, ಮಡಿಕೇರಿ ಅದರ ರಾಜಧಾನಿ. ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಹಳೆ ಸರ್ಕಾರಿ ಕಟ್ಟಡ ಯಾಕಿದೆ ಅಂತ ಕೇಳುವವರಿಗೆ ಉತ್ತರ ಅದರಲ್ಲೇ ಸಿಗುತ್ತದೆ.

ಹನ್ನೊಂದು: ಕೂತು ತಿನ್ನುವುದು

ನಾನು ಇಡೀ ದಿನ ಕಾಯುವುದು ಇದಕ್ಕೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಕೆಲಸ, ಹೋಟೆಲನ್ನು ಬೆಳಗ್ಗೆಯೇ ಗೊತ್ತು ಮಾಡಿಕೊಳ್ಳಿ. ಪೇಟೆಯಲ್ಲಿ ಎರಡು ಬಗೆಯ ಹೋಟೆಲುಗಳಿವೆ. ಒಂದು, ಇಡ್ಲಿ ದೋಸೆಯ ತಿಂಡಿ ಹೋಟೆಲು. ಹತ್ತೂವರೆ ಕಳೆದರೆ ಅಲ್ಲಿ ತಿಂಡಿ ಖಾಲಿಯಾಗುತ್ತ ಬರುತ್ತದೆ. ಇನ್ನೊಂದು, ಕೊಡಗಿನ ಅಡುಗೆ ಮಾಡುವ ಹೋಟೆಲು. ಅಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೇ ಪಂದಿಕರಿ, ಅಂದರೆ ಹಂದಿ ಮಾಂಸದ ಕರಿ, ಸಿಗುವುದು ಜಾಸ್ತಿ. ಹನ್ನೊಂದು ಗಂಟೆ ಇವೆರಡರ ನಡುವಿನ ಹೊತ್ತು. ಅದಕ್ಕೇ ಹಿಂದಿನ ದಿನವೋ ಬೆಳಗ್ಗೆಯೋ ಫೋನ್ ಮಾಡಿ, “ಹನ್ನೊಂದಕ್ಕೆ ಬಂದರೆ ಕಡಂಬುಟ್ಟು ಇರುತ್ತಾ? ಕರಿ ಆಗಿರುತ್ತಾ?” ಅಂತ ಕೇಳಿ. ಹನ್ನೊಂದೂವರೆ ಅಂದರೆ ಹನ್ನೊಂದೂವರೆಗೇ ಹೋಗಿ. ಕಾದ ಅರ್ಧ ಗಂಟೆಗೆ ಬೇಸರ ಬೇಡ. ಹೋಮ್‌ಸ್ಟೇಯವರೇ ಅಡುಗೆ ಮಾಡುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೊದಲೇ ಹೇಳಿಟ್ಟರೆ ಈ ಹೊತ್ತಿಗೆ ಬಡಿಸುತ್ತಾರೆ.

ಏನು ಕೇಳಬೇಕು? ಅಕ್ಕಿಯಿಂದ ಶುರು ಮಾಡಿ. ಕೊಡಗಿನ ಹೊತ್ತಿನ ತಿಂಡಿಯೆಲ್ಲ ಅಕ್ಕಿಯದೇ.

ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ್ದು. ಚೆನ್ನಾಗಿ ಮಾಡಿದ ಉಂಡೆಯ ಮೇಲೆ ತರಿ ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಅಂಟಬಾರದು, ಪುಡಿಯೂ ಆಗಬಾರದು. ಎರಡು ಹೋಳು ಮಾಡಿ, ಒಳಗಿನ ಹಬೆ ಹೋಗುವ ಮೊದಲೇ ಕರಿಯ ರಸದಲ್ಲಿ ಅದ್ದಿ ಒಂದು ನಿಮಿಷ ಬಿಡಿ. ರಸ ತರಿಯ ಸಂದಿಗೆಲ್ಲ ಇಳಿದು ಬಿಳಿ ಉಂಡೆ ಅರ್ಧಕ್ಕೆ ಕಂದಾಗುತ್ತದೆ. ಆಗ ತಿನ್ನಿ. ಚಮಚ ಬೇಡ, ಕೈಯೇ ಸರಿ.

ನೂಪುಟ್ಟು ಅಂದರೆ ಒತ್ತು ಶ್ಯಾವಿಗೆ. ಕೋಳಿ ಕರಿಯ ಜೊತೆಗೂ ಸೈ, ಬರೀ ಕಾಯಿಹಾಲು ಬೆಲ್ಲದ ಜೊತೆಗೂ ಸೈ. ಪಾಪುಟ್ಟು ಅಕ್ಕಿ ತರಿ, ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದ್ದು, ಮೆತ್ತಗೆ, ಮಕ್ಕಳಿಗೆ ಇಷ್ಟವಾಗುತ್ತದೆ. ಅಕ್ಕಿ ಒಟ್ಟಿ ಮನೆಮನೆಯ ಬೆಳಗಿನ ತಿಂಡಿ. ಅನ್ನ ಮತ್ತು ಅಕ್ಕಿ ಹಿಟ್ಟು ಸೇರಿಸಿ ನಾದಿ ಲಟ್ಟಿಸಿದ ರೊಟ್ಟಿ. ಇದಕ್ಕೆ ಎಳ್ಳಿನ ಪಜ್ಜಿ ಅಂದರೆ ಎಳ್ಳಿನ ಚಟ್ನಿ ಸಿಕ್ಕಿದರೆ ಬಿಡಬೇಡಿ.

ಇನ್ನು ಪಂದಿಕರಿ. ತಿನ್ನುವವರಿಗೆ ಒಂದು ಮಾತು. ಅದರ ಕಪ್ಪು ಬಣ್ಣ ಬರುವುದು ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆಯನ್ನು ಚೆನ್ನಾಗಿ ಕಪ್ಪಗೆ ಹುರಿದ ಪುಡಿಯಿಂದ. ಹುಳಿ ಬರುವುದು ಕಾಚಂಪುಳಿಯಿಂದ. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಡಾಂಬರಿನ ಹಾಗೆ ಗಟ್ಟಿ ಮಾಡಿದ್ದು ಅದು. ಒಂದು ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ. ಒಮ್ಮೆ ಬೆಂಗಳೂರಿನಿಂದ ಬಂದ ಚಿಕ್ಕಮ್ಮನ ಮಗಳನ್ನು ಒಂದು ಹೊಸ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಕರಿ ನೋಡಲು ಕಪ್ಪಗೇ ಇತ್ತು. ಬಾಯಿಗಿಟ್ಟರೆ ಅಂಗಡಿ ವಿನೆಗರ್. ಅವಳು ಪಾಪ, “ಚೆನ್ನಾಗಿದೆ ಅಕ್ಕ” ಅಂದಳು. ನನಗೆ ಬೇಜಾರಾಯಿತು. ಕೊಡಗಿನ ರುಚಿ ಇದೇ ಅಂದುಕೊಂಡು ಅವಳು ವಾಪಸ್ ಹೋಗುತ್ತಾಳಲ್ಲ ಅಂತ. ಮರುದಿನ ಅಮ್ಮನ ಕೈಲಿ ಮಾಡಿಸಿ ತಿನ್ನಿಸಿದೆ.

ವ್ಯತ್ಯಾಸ ತಿಳಿಯುವುದು ಸುಲಭ. ವಿನೆಗರ್ ಹುಳಿ ಮೊದಲು ಮೂಗಿಗೆ ಹೊಡೆಯುತ್ತದೆ. ಕಾಚಂಪುಳಿಯ ಹುಳಿ ತಡವಾಗಿ, ನಾಲಿಗೆಯ ಹಿಂಬದಿಯಲ್ಲಿ ಬರುತ್ತದೆ, ಸ್ವಲ್ಪ ಹೊಗೆಯ ವಾಸನೆಯ ಜೊತೆ. ಆರ್ಡರ್ ಕೊಡುವ ಮೊದಲು “ಕಾಚಂಪುಳಿ ಹಾಕಿದ್ದಾ?” ಅಂತ ಕೇಳಿ. ಹಾಕಿದವರು ಖುಷಿಯಿಂದ ಹೌದು ಅನ್ನುತ್ತಾರೆ.

ಹಂದಿ ಮಾಂಸ ತಿನ್ನದವರು ಅದನ್ನು ಮೊದಲೇ ಹೇಳಿ, ಪಾತ್ರೆ ಬೇರೆ ಇದೆಯಾ ಅಂತಲೂ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಕೊಡಗಿನಲ್ಲಿ ಎಲ್ಲ ಬಗೆಯ ಜನ ಇದ್ದಾರೆ, ಹೋಟೆಲಿನವರಿಗೆ ಇದು ದಿನದ ಮಾತು.

ಸಸ್ಯಾಹಾರಿಗಳಿಗೆ ಈ ಕಾಲದಲ್ಲಿ ಒಂದು ಕಿವಿಮಾತು. ಮೆನುವಿನಲ್ಲಿ ಬೈಂಬಳೆ, ಕುಮ್ಮು ಅಂತ ನೋಡಿ ಆಸೆಪಡಬೇಡಿ. ಬೈಂಬಳೆ ಅಂದರೆ ಕಳಲೆ, ಕುಮ್ಮು ಅಂದರೆ ಕಾಡಿನ ಅಣಬೆ. ಎರಡೂ ತಾಜಾ ಸಿಗುವುದು ಮಳೆಗಾಲದಲ್ಲಿ. ಮಾರ್ಚಿನಲ್ಲಿ ಕೊಡುವ ಕಳಲೆ ಉಪ್ಪುನೀರಲ್ಲಿ ಇಟ್ಟದ್ದು, ಅಣಬೆ ಬೆಳೆಸಿದ್ದು. ಈಗ ಕೇಳಬೇಕಾದ್ದು ಎಳೆ ಹಲಸಿನ ಪಲ್ಯ. ಏಪ್ರಿಲ್ ಆದರೆ ಕಾಡುಮಾವಿನ ಕರಿ. ಸಣ್ಣ ಸಣ್ಣ ಇಡೀ ಹಣ್ಣು, ಬೆಲ್ಲ, ಮೆಣಸು, ಸಾಸಿವೆ. ಹಣ್ಣನ್ನು ಬಾಯಿಗಿಟ್ಟು ವಾಟೆ ಚೀಪುತ್ತ ಕೂರಬೇಕು. ಮುಗಿಸಲು ಅರ್ಧ ಗಂಟೆಯೂ ಬೇಕಾದೀತು, ಅವಸರ ಇರುವವರಿಗೆ ಅಲ್ಲ ಆ ಕರಿ.

ಕೊನೆಗೆ ಬೆಲ್ಲದ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ. ಹೋಟೆಲಿನಲ್ಲಿ ಇಲ್ಲದಿದ್ದರೂ ಕೇಳಿದರೆ ಕೆಲವರು ಮಾಡಿಕೊಡುತ್ತಾರೆ.

ಹನ್ನೆರಡೂವರೆ: ಮಹದೇವಪೇಟೆ, ಕಾಫಿಪುಡಿ

ತಿಂದ ಮೇಲೆ ಅಂಗಡಿ ಬೀದಿಯ ನಡಿಗೆ. ಚೌಕಿಯಿಂದ ಮಹದೇವಪೇಟೆ ಕಡೆ ಹೋಗಿ. ದೊಡ್ಡವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯ ಹೆಸರನ್ನು ಈ ಪೇಟೆಗೆ ಇಟ್ಟದ್ದು. ಪ್ರವಾಸಿಗರಿಗೆಂದೇ ಇರುವ ಮಸಾಲೆ ಅಂಗಡಿಗಳನ್ನು ಬಿಟ್ಟು, ಊರಿನವರು ಕೊಳ್ಳುವ ಕಾಫಿಪುಡಿ ಅಂಗಡಿ ಹುಡುಕಿ. ಗುರುತು ಸುಲಭ. ನೀವು ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ.

ಅಲ್ಲಿ ನಡೆಯುವ ಮಾತು ಹೀಗಿರುತ್ತದೆ.

“ಎಷ್ಟು ಬೇಕಿತ್ತು ಅಕ್ಕ?”

“ಅರ್ಧ ಕೆಜಿ ಅಣ್ಣ. ಅರೇಬಿಕಾ, ರೊಬಸ್ಟಾ ಅರ್ಧರ್ಧ.”

“ಚಿಕೋರಿ?”

“ಬೇಡ.”

“ಫಿಲ್ಟರಿಗಾ?”

ಈ ನಾಲ್ಕು ಉತ್ತರ ನಿಮ್ಮ ಹತ್ತಿರ ತಯಾರಿದ್ದರೆ ಸಾಕು. ರೊಬಸ್ಟಾ ಜಾಸ್ತಿಯಾದರೆ ಕಡಕ್, ಅರೇಬಿಕಾ ಜಾಸ್ತಿಯಾದರೆ ಪರಿಮಳ. ಚಿಕೋರಿ ಹಾಕಿಸಿದರೆ ಡಿಕಾಕ್ಷನ್ ಗಟ್ಟಿ, ಬಣ್ಣ ಹೆಚ್ಚು, ಆದರೆ ಕಾಫಿಯ ಅಂಶ ಅಷ್ಟು ಕಮ್ಮಿ. ಕಣ್ಣೆದುರೇ ಬೀಜ ಹಾಕಿ ಪುಡಿ ಮಾಡಿಸಿಕೊಳ್ಳಿ. ಪುಡಿ ಇನ್ನೂ ಬಿಸಿ ಇರುವಾಗ ಪೊಟ್ಟಣದ ಬಾಯಿ ಬಿಗಿಯಾಗಿ ಕಟ್ಟಿಸಬೇಡಿ, ಐದು ನಿಮಿಷ ಆರಲಿ. ಕರಿಮೆಣಸೂ ಇದೇ ಕಾಲದಲ್ಲಿ ಕೊಯ್ದು ಒಣಗಿಸಿ ಪೇಟೆಗೆ ಬಂದಿರುತ್ತದೆ. ಅಂಗೈಯಲ್ಲಿ ಹಾಕಿ ನೋಡಿ. ಕಾಳು ಭಾರವಾಗಿ, ಗಟ್ಟಿಯಾಗಿ ಇರಬೇಕು. ಉಗುರಲ್ಲಿ ಒತ್ತಿದರೆ ಪುಡಿಯಾಗುವ ಕಾಳು ಬೇಡ.

ಒಂದು ಗಂಟೆ: ಗದ್ದಿಗೆಗೆ ಆಟೋ

ಮಹದೇವಪೇಟೆ ದಾಟಿ ಮುಂದೆ ಗುಡ್ಡದ ಮೇಲೆ ರಾಜರ ಗದ್ದಿಗೆ, ಅಂದರೆ ಅವರ ಸಮಾಧಿಗಳು. ಏರು ದಾರಿ, ಹೊಟ್ಟೆಯೂ ತುಂಬಿದೆ, ಬಿಸಿಲೂ ಇದೆ. ಆಟೋದಲ್ಲೇ ಹೋಗಿ, ಬರುವಾಗ ಇಳಿಜಾರಿನಲ್ಲಿ ನಡೆದು ಬನ್ನಿ.

ಹಾಲೇರಿ ಅರಸರು ವೀರಶೈವರು. ಸತ್ತವರನ್ನು ಸುಡದೆ ಸಮಾಧಿ ಮಾಡುವುದು ಅವರ ಪದ್ಧತಿ. ನಡುವಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿ. ಪಕ್ಕದ್ದರಲ್ಲಿ ಲಿಂಗರಾಜೇಂದ್ರ ಮತ್ತು ಅವನ ರಾಣಿ. ಇದನ್ನು ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ. ಇನ್ನೊಂದರಲ್ಲಿ ರಾಜಗುರು ರುದ್ರಪ್ಪ. ಹತ್ತಿರದಲ್ಲೇ ಟಿಪ್ಪುವಿನ ಸೈನ್ಯದ ಎದುರು ಹೋರಾಡಿ ಸತ್ತ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳು. ಬೆಳಗ್ಗೆ ಓಂಕಾರೇಶ್ವರದಲ್ಲಿ ನೋಡಿದ ಅದೇ ಗುಮ್ಮಟ, ಅದೇ ಮಿನಾರು ಇಲ್ಲಿ ಮತ್ತೆ ಕಾಣುತ್ತವೆ. ಗುಮ್ಮಟದ ಬುಡದ ಮೂಲೆಗಳಲ್ಲಿ ಕೂತ ನಂದಿಗಳನ್ನು ಹುಡುಕಿ. ಅವು ಕಂಡ ಮೇಲೆ ಕಟ್ಟಡ ಯಾರದು ಅಂತ ಯಾರೂ ಹೇಳಬೇಕಾಗಿಲ್ಲ.

ಇಲ್ಲಿ ಜನ ಕಡಿಮೆ. ಹುಲ್ಲಿನ ಮೇಲೆ ನೆರಳು ನೋಡಿ ಕೂತರೆ ಇಡೀ ಮಡಿಕೇರಿ ಕಾಣುತ್ತದೆ. ನೀವು ಬೆಳಗ್ಗಿನಿಂದ ನಡೆದ ದಾರಿಯನ್ನು ಬೆರಳಿಟ್ಟು ತೋರಿಸಬಹುದು. ಸಮಾಧಿಗಳ ಕಟ್ಟೆ ಹತ್ತಿ ಕೂರುವುದು, ಗೋಡೆ ಮೇಲೆ ಹೆಸರು ಕೆತ್ತುವುದು ದಯವಿಟ್ಟು ಬೇಡ. ಕೆತ್ತಿದ ಹೆಸರುಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸಮಯ ಉಳಿದರೆ

ಇನ್ನೂ ಕಾಲಲ್ಲಿ ಶಕ್ತಿ ಇದ್ದರೆ ಸನ್ನಿ ಸೈಡ್‌ಗೆ ಹೋಗಿ. 1957ರಿಂದ 1961ರ ತನಕ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಅದು. 2021ರ ಫೆಬ್ರವರಿಯಿಂದ ಸ್ಮಾರಕ ಮ್ಯೂಸಿಯಂ ಆಗಿದೆ. ಮಡಿಕೇರಿಯ ಮಗು ಮೊದಲು ಕಲಿಯುವ ಎರಡು ಹೆಸರುಗಳಲ್ಲಿ ಇವರದೊಂದು, ಇನ್ನೊಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರದು.

ಹೂವಿನ ವಾರವಾದರೆ ಸನ್ನಿ ಸೈಡ್ ಇನ್ನೊಂದು ಸಲಕ್ಕಿರಲಿ. ಮೂರ್ನಾಡು ಕಡೆಗೋ ಸಿದ್ದಾಪುರ ಕಡೆಗೋ ಹೋಗುವ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತುಕೊಳ್ಳಿ. ದಾರಿಯ ಎರಡೂ ಬದಿ ತೋಟ. ಮಲ್ಲಿಗೆಯ ಹಾಗೆಯೇ ಪರಿಮಳ, ಆದರೆ ಸ್ವಲ್ಪ ದಟ್ಟ. ಇಳಿದು ನೋಡುವುದಾದರೆ ರಸ್ತೆಯಲ್ಲೇ ನಿಂತು ನೋಡಿ. ಬೇಲಿ ದಾಟಬೇಡಿ, ದಾಟಬೇಕೆನಿಸಿದರೆ ತೋಟದವರನ್ನು ಕೇಳಿ. ಹೂ ಮಾ‌ತ್ರ ಕೀಳಬೇಡಿ. ಒಂದೊಂದು ಹೂವೂ ಮುಂದೆ ಒಂದೊಂದು ಕಾಯಿ. ರೊಬಸ್ಟಾ ಗಿಡಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನುಹುಳ. ಕೊಂಬೆಯ ಹತ್ತಿರ ಕಿವಿ ಇಟ್ಟರೆ ಗುಂಯ್ ಅನ್ನುವ ಸದ್ದು ಇಡೀ ಸಾಲಿನಿಂದ ಬರುತ್ತಿರುತ್ತದೆ. ಸೆಂಟು ಬಳಿದುಕೊಂಡು ಹೋಗಬೇಡಿ, ಹುಳಕ್ಕೆ ಅದು ಆಗುವುದಿಲ್ಲ.

ವಾಪಸ್ ಬರುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ನಾಲ್ಕರೊಳಗೆ ಮಡಿಕೇರಿ ಸೇರಿದರೆ ಒಳ್ಳೆಯದು. ಪಡುವಣದಲ್ಲಿ ಮೋಡ ಕಪ್ಪಾಗುವುದು ಕಂಡರೆ ಅದಕ್ಕೂ ಮೊದಲೇ ಹೊರಡಿ. ಕಾಫಿಪುಡಿಯ ಪೊಟ್ಟಣ ಚೀಲದ ತಳದಲ್ಲಿರಲಿ, ಮೇಲೆ ಕೊಡೆ.